ಕತ್ತಲ ಕೋಣೆಯ ಕೆಲಸ

ಫಿಲ್ಮಿನಲ್ಲಿ ಚಿತ್ರ ತೆಗೆಯುವವರು ಇಂದಿಗೂ ಇದ್ದಾರೆ. ಆದರೆ ನೆಗೆಟಿವನ್ನು ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ನೋಡಿ ತೃಪ್ತರಾಗುವವರೇ ಅವರಲ್ಲಿ ಎಷ್ಟೋ ಮಂದಿ. ಕತ್ತಲ ಕೋಣೆ ಹೊಕ್ಕು ತಾವೇ ಕಾಗದಕ್ಕೆ ಇಳಿಸುವುದು ವರ್ಷಕ್ಕೊಮ್ಮೆಯೋ, ಎಂದೂ ಇಲ್ಲವೋ. ಅದರಿಂದೇನು ನಷ್ಟವೆಂದು ನೀವು ಕೇಳಬಹುದು.

ಅಮೆರಿಕದ ಆನ್ಸೆಲ್ ಆಡಮ್ಸರು 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ಕಂಡರು. ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಜಾರುತ್ತಿತ್ತು. ಬೆಳಕನ್ನಳೆಯುವ ಮೀಟರು ಕೈಗೆ ಸಿಗಲೊಲ್ಲದು. ಒಂದೇ ಒಂದು ನೆಗೆಟಿವ್ ದಕ್ಕಿತು. ಅದರಿಂದ ಅವರು ತಮ್ಮ ಜೀವಮಾನದಲ್ಲಿ 1,300ಕ್ಕೂ ಮಿಕ್ಕಿ ಪ್ರತಿಗಳನ್ನು ಮಾಡಿದರೆಂದು ಹೇಳುತ್ತಾರೆ. ಮೊದಮೊದಲ ಪ್ರತಿಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡದ ಎಳೆಗಳೂ ಕಾಣುತ್ತವೆ. ಕಡೆಯವುಗಳಲ್ಲಿ ಅದೇ ಆಕಾಶ ಕಾಡಿಗೆಯಂತೆ ಕಪ್ಪು. ಕಾಗದದ ಮೇಲೆ ಒಂದೆಡೆ ಕೈಯಡ್ಡ ಹಿಡಿದು ಬೆಳಕನ್ನು ತಡೆಯುವುದು, ಇನ್ನೊಂದೆಡೆ ಹೆಚ್ಚು ಹೊತ್ತು ಬೀಳಗೊಡುವುದು: ಕೆಲಸವೆಲ್ಲ ಇದರಲ್ಲಿದೆ. ಆಡಮ್ಸರು ಪಿಯಾನೋ ಕಲಿತವರು. ನೆಗೆಟಿವನ್ನು ಸ್ವರಲಿಪಿಗೂ, ಪ್ರತಿಯನ್ನು ಅದರ ವಾದನಕ್ಕೂ ಹೋಲಿಸಿದರು. ಒಂದೇ ಕೀರ್ತನೆಯನ್ನು ಹತ್ತು ಕಚೇರಿಗಳಲ್ಲಿ ಕೇಳಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕೆ?

ಇತ್ತ ನ್ಯೂಯಾರ್ಕಿನ ಗ್ಯಾರಿ ವಿನೊಗ್ರಾಂಡರು 1984ರಲ್ಲಿ ತೀರಿಕೊಂಡಾಗ ತೊಳೆಯದೆ ಉಳಿದ ಸುರುಳಿಗಳೇ ಸುಮಾರು 2,500! ಅನಂತರ ಅವುಗಳನ್ನು ತೊಳೆದವರು ಬೇರೆ, ಆರಿಸಿದವರು ಬೇರೆ. ಅವರು ಯಾವುದನ್ನು ಒಪ್ಪುತ್ತಿದ್ದರೋ, ಯಾರು ಬಲ್ಲರು?

ನಿಮ್ಮ ಬೀರುವಿನಲ್ಲಿಯೂ ಹಳೆಯ ಮದುವೆಯ ನೆಗೆಟಿವುಗಳ ಲಕೋಟೆಯೊಂದು ಇರಬಹುದು. ಕಪ್ಪುಬಿಳುಪಿನವಾದರೆ, ಕೈಯಿಂದ ಪ್ರತಿ ಮಾಡುವವರೊಬ್ಬರನ್ನು ಹುಡುಕಿ, ಒಂದನ್ನಾದರೂ ಕಾಗದಕ್ಕೆ ಇಳಿಸಿಸಿರಿ. ಅಜ್ಜಿಯ ಮುಖ ಎಷ್ಟು ತಿಳಿಯಾಗಿರಬೇಕೆಂದು ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ.