ಪರೀಕ್ಷೆಗೆ ಕೂತ ಮಕ್ಕಳು, ಹೊರಗೆ ಕೂತ ಹಿರಿಯರು

ಏಪ್ರಿಲ್ ತಿಂಗಳ ಬಿಸಿಲು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಹೇಗಿರುತ್ತದೆಂಬುದನ್ನು ಈ ಕಡೆಯ ಶ್ರೋತೃಗಳಿಗೆ ನಾನು ಹೇಳಬೇಕಾದುದಿಲ್ಲ. ಆ ಬಿಸಿಲಿನಲ್ಲಿ, ದುರ್ಗದ ಯಾವುದಾದರೊಂದು ಪರೀಕ್ಷಾ ಕೇಂದ್ರದ ಗೇಟಿನ ಮುಂದೆ, ಒಂದೇ ಹೊಂಗೆಯ ಮರದ ನೆರಳನ್ನು ಹಂಚಿಕೊಂಡು ಕೂತ ತಂದೆತಾಯಿಗಳನ್ನು ನೀವು ನೋಡಿದ್ದೀರಿ; ನಿಮ್ಮಲ್ಲಿ ಅನೇಕರು ಹಾಗೆ ಕೂತವರೂ ಹೌದು. ಒಳಗೆ ಮಕ್ಕಳು ಸಿ.ಇ.ಟಿ. ಬರೆಯುತ್ತಿರುತ್ತಾರೆ. ವಿಷಯವೊಂದಕ್ಕೆ 60 ಪ್ರಶ್ನೆ, 80 ನಿಮಿಷ. ಹೊರಗೆ ಕೂತವರಿಗೆ ಪ್ರಶ್ನೆಯೂ ಇಲ್ಲ, ನಿಮಿಷದ ಲೆಕ್ಕವೂ ಇಲ್ಲ. ಆದರೂ ಬೆವರು ಅವರಿಗೇ ಹೆಚ್ಚು. ಈ ಹೊರಗೆ ಕೂತವರನ್ನು ಕುರಿತು ಇಂದು ನಾಲ್ಕು ಮಾತನಾಡಬೇಕೆಂದಿದ್ದೇನೆ.

ನಾನು ವಾಸ ಮಾಡುವುದು ಚಳ್ಳಕೆರೆಯಲ್ಲಿ. ಕನ್ನಡ ಪಾಠ ಹೇಳುವುದು ನನ್ನಿವಾಳದ ಹೈಸ್ಕೂಲಿನಲ್ಲಿ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪರೀಕ್ಷೆಯ ವಿಚಾರವಾಗಿ ಕನ್ನಡ ಪಂಡಿತನೇನು ಹೇಳಿಯಾನು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನಗಿರುವ ಅಧಿಕಾರ ಎರಡೇ: ಹಳ್ಳಿಯ ಮಕ್ಕಳನ್ನು ಬಹುಕಾಲ ಹತ್ತಿರದಿಂದ ನೋಡಿದ್ದೇನೆ, ಮತ್ತು ಮನೆಯ ಹಿರಿಯನಾಗಿ ನಾನೇ ಒಮ್ಮೆ ಈ ಪರೀಕ್ಷೆಯಲ್ಲಿ ಫೇಲಾಗಿದ್ದೇನೆ.

ಮೊದಲು ಈ ಪರೀಕ್ಷೆಗಳ ಪರಿಚಯ ಸ್ವಲ್ಪ ಆಗಲಿ. ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ನಡೆಸಲು 1994ರಲ್ಲಿ ಒಂದು ಘಟಕ ಏರ್ಪಟ್ಟಿತು. ಇಂದು ಆ ಕೆಲಸವನ್ನು ಮಾಡುತ್ತಿರುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಎಂಜಿನಿಯರಿಂಗ್ ರ‍್ಯಾಂಕಿಗೆ ಈ ಪರೀಕ್ಷೆಯ ಅಂಕಗಳದು ಅರ್ಧ ಪಾಲು, ಉಳಿದರ್ಧ ಪಿ.ಯು. ಪರೀಕ್ಷೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳದು. ಕಾಲೇಜಿನ ಪಾಠವನ್ನು ಬಿಟ್ಟು ಕೋಚಿಂಗನ್ನೇ ನಂಬಿದವರು ಈ ಎರಡನೆಯ ಅರ್ಧವನ್ನು ಮರೆತಿರುತ್ತಾರೆ. ವೈದ್ಯಕೀಯ ಶಿಕ್ಷಣಕ್ಕೆ ಬೇಕಾದುದು ದೇಶಕ್ಕೆಲ್ಲ ಒಂದೇ ಆದ ನೀಟ್ ಪರೀಕ್ಷೆ. 2017ರಿಂದ ಅದನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಭಾಷೆಯನ್ನು ಮಾತ್ರ ಅರ್ಜಿ ಹಾಕುವಾಗಲೇ ಆರಿಸಿಕೊಳ್ಳಬೇಕು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಸಿ.ಇ.ಟಿ.ಯಲ್ಲಿ ಕಳೆಯುವುದಿಲ್ಲ. ಆದ್ದರಿಂದ ಸಿ.ಇ.ಟಿ. ಬರೆಯುವ ಹುಡುಗ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದು.

ಇನ್ನು ನಾನು ಫೇಲಾದ ಕಥೆ. ನಮ್ಮ ಅಕ್ಕನನ್ನು ಕೊಟ್ಟಿರುವುದು ಈ ತಾಲ್ಲೂಕಿನದೇ ಒಂದು ಹಳ್ಳಿಗೆ. ಭಾವನವರದು ಮಳೆಯನ್ನು ನಂಬಿದ ಹೊಲ. ಶೇಂಗಾ ಬಂದರೆ ಬಂತು, ಹೋದರೆ ಹೋಯಿತು. ಅವರ ಮಗ ಏಳನೆಯ ತರಗತಿಯವರೆಗೆ ಊರಿನಲ್ಲೇ ಕನ್ನಡದಲ್ಲಿ ಓದಿ ಜಾಣನೆನಿಸಿಕೊಂಡಿದ್ದ. ಓದಿದ ತಮ್ಮನೆಂದು ಅಕ್ಕ ನನ್ನನ್ನು ಕೇಳಿದಳು. ನಾನು ಹಿಂದುಮುಂದು ನೋಡದೆ, "ಎಂಟನೆಯ ಕ್ಲಾಸಿಗೆ ಪಟ್ಟಣಕ್ಕೆ ಕಳಿಸು, ಇಂಗ್ಲಿಷಿನಲ್ಲಿ ಓದಲಿ, ನಮ್ಮ ಮನೆಯಲ್ಲೇ ಇರಲಿ" ಎಂದೆ. ಹುಡುಗ ಬಂದ, ಓದಿದ. ಪಿ.ಯು. ಎರಡನೆಯ ವರ್ಷದಲ್ಲಿ ಅರ್ಜಿ ತುಂಬಲು ಕೂತಾಗ ನನ್ನ ಬುದ್ಧಿಗೆ ಬೆಳಕು ಬಿತ್ತು. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ 15ರಷ್ಟು ಸೀಟುಗಳ ಮೀಸಲು. ಅಷ್ಟೇ ಕಾಲ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ಏಳು ವರ್ಷದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮೂರು ವರ್ಷ ಪಟ್ಟಣದಲ್ಲಿರಿಸಿ ಆ ಹುಡುಗನ ಎರಡು ಬಾಗಿಲುಗಳನ್ನು ನಾನೇ ನನ್ನ ಕೈಯಾರೆ ಮುಚ್ಚಿದ್ದೆ. ಊರ ಮಕ್ಕಳಿಗೆಲ್ಲ ವ್ಯಾಸಂಗದ ಪತ್ರ ಬರೆದು ಹೆಡ್‌ಮಾಸ್ಟರ ಸಹಿಗೆ ಒಯ್ಯುತ್ತಿದ್ದವನು ನಾನೇ ಎಂಬುದನ್ನು ಇಲ್ಲಿ ಸೇರಿಸಿಕೊಳ್ಳಿ.

ಪಟ್ಟಣದ ಶಾಲೆ ಬೇಡವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಪಾಠವಿರುವ ಕಡೆಗೆ ಮಗುವನ್ನು ಕಳಿಸುವುದು ಸರಿಯೇ. ಕಳಿಸುವಾಗ ಪಡೆಯುವುದೇನು, ಕಳೆದುಕೊಳ್ಳುವುದೇನು ಎಂಬೆರಡನ್ನೂ ತಿಳಿದು ಕಳಿಸಬೇಕು. ನಾನು ತಿಳಿಯಲಿಲ್ಲ.

ಇದಾದರೂ ಅಜ್ಞಾನದ ತಪ್ಪು. ಮುಂದಿನದು ಅದಕ್ಕಿಂತ ದೊಡ್ಡದು. ಫಲಿತಾಂಶ ಬಂದ ದಿನ ರ‍್ಯಾಂಕು ನಾವೆಣಿಸಿದ್ದಕ್ಕಿಂತ ಬಹಳ ಕೆಳಗಿತ್ತು. ನನ್ನ ತಪ್ಪಿನ ಸಿಟ್ಟನ್ನು ನಾನು ಹುಡುಗನ ಮೇಲೆ ತೀರಿಸಿಕೊಂಡೆ. "ನಿಮ್ಮಪ್ಪ ಶೇಂಗಾ ಮಾರಿ ಕಟ್ಟಿದ ದುಡ್ಡು ಕಣೋ" ಎಂದುಬಿಟ್ಟೆ. ಅವನು ಎದುರುತ್ತರ ಕೊಡಲಿಲ್ಲ. ಊಟಕ್ಕೆ ಕರೆದಾಗ ಮನೆಯಲ್ಲಿರಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಿಕ್ಕಿದ. "ಎಲ್ಲಿಗೆ ಹೊರಟಿದ್ದೆಯಪ್ಪ?" ಎಂದೆ. "ಎಲ್ಲಿಗೂ ಇಲ್ಲ ಮಾವ" ಎಂದ. ಆ ಎರಡು ಮಾತು ಇಂದಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುವುದುಂಟು. ಹುಡುಗ ಡಿಗ್ರಿ ಮುಗಿಸಿದ, ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಬಂದರೆ ನನಗೆ ನಮಸ್ಕಾರ ಮಾಡುತ್ತಾನೆ. ಆದರೆ ಪರೀಕ್ಷೆಯ ಮಾತು ಬಂದಾಗ ನನ್ನ ಮುಖ ನೋಡುವುದಿಲ್ಲ. ಪಟ್ಟಣದಲ್ಲಿರುವ ನಿಮ್ಮ ಮನೆಗಳಲ್ಲೂ ಹಳ್ಳಿಯಿಂದ ಬಂದ ಅಕ್ಕನ ಮಗನೋ, ತಮ್ಮನ ಮಗಳೋ ಓದುತ್ತಿರಬಹುದು. ಅವರಿಗೆ ನಮ್ಮ ಮಾತು ಎರಡು ಪಾಲು ನೋಯುತ್ತದೆ; ಏಕೆಂದರೆ ಸಿಟ್ಟು ಮಾಡಿಕೊಂಡು ಹೋಗಲು ಅವರಿಗೆ ಅಲ್ಲಿ ತಮ್ಮದೆಂಬ ಇನ್ನೊಂದು ಮನೆಯಿರುವುದಿಲ್ಲ.

ನನ್ನ ಕಣ್ಣು ತೆರೆಸಿದವರು ಓದುಬರಹವಿಲ್ಲದ ಒಬ್ಬ ರೈತರು. ಅವರ ಮಗಳು ನನ್ನ ವಿದ್ಯಾರ್ಥಿನಿ, ಪಿ.ಯು. ವಿಜ್ಞಾನ ಓದಲು ಊರಿನಿಂದ ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಬರುತ್ತಿದ್ದಳು. ಒಂದು ಭಾನುವಾರ ಆತ ಬಟ್ಟೆಯ ಚೀಲವೊಂದನ್ನು ತಂದು ನನ್ನ ಮುಂದೆ ಸುರಿದರು. "ಸಾ, ಇದ್ರಾಗೆ ಯಾವ್ದು ಬೇಕೋ ಯಾವ್ದು ಬ್ಯಾಡೋ ನನಗೆ ಗೊತ್ತಾಗಲ್ಲ. ಒಂದೂ ಬಿಟ್ಟಿಲ್ಲ, ನೋಡ್ರಿ" ಎಂದರು. ಒಂದನೆಯ ತರಗತಿಯಿಂದ ಓದಿದ ವಿವರ, ಜಾತಿ ಮತ್ತು ಆದಾಯದ ಪತ್ರ, ಪಹಣಿ, ರೇಷನ್ ಕಾರ್ಡು, ಕೊನೆಗೆ ಮಗುವಿನ ಪೋಲಿಯೋ ಲಸಿಕೆಯ ಚೀಟಿ ಕೂಡ. ಓದಲು ಬಾರದ ಮನುಷ್ಯ ಒಂದು ಕಾಗದವನ್ನೂ ಕಳೆದಿರಲಿಲ್ಲ.

ಭಾರತದ ಕಥೆ ನೆನಪಿಗೆ ಬಂತು. ರಾಜಕುಮಾರರು ವಿದ್ಯೆ ತೋರಿಸುವ ರಂಗಕ್ಕೆ ಕರ್ಣನು ಬಿಲ್ಲು ಹಿಡಿದು ಬಂದಾಗ ಕೃಪನು ಅವನ ವಿದ್ಯೆಯನ್ನು ಕೇಳಲಿಲ್ಲ. ಕುಲವನ್ನು ಕೇಳಿದನು, ತಂದೆತಾಯಿಗಳ ಹೆಸರನ್ನು ಕೇಳಿದನು. ಅಂದು ಕೇಳಿದ್ದು ಬಾಗಿಲು ಮುಚ್ಚುವುದಕ್ಕೆ. ಇಂದು ಕೇಳುವುದು ಬಾಗಿಲು ತೆರೆಯುವುದಕ್ಕೆ. ಆದರೂ ಹೊತ್ತಿಗೆ ಸರಿಯಾಗಿ ಪತ್ರ ತೋರಿಸಲಾರದವನ ತಲೆ ಅಂದಿನಂತೆ ಇಂದೂ ತಗ್ಗುತ್ತದೆ. ಆದ್ದರಿಂದ ಮಗು ಪುಸ್ತಕ ಹಿಡಿದಿರುವಾಗ ನಾವು ಕಾಗದ ಹಿಡಿಯೋಣ. ಹೆಸರು, ಹುಟ್ಟಿದ ತಾರೀಖುಗಳು ಎಲ್ಲ ಪತ್ರಗಳಲ್ಲೂ ಒಂದೇ ಆಗಿವೆಯೆ? ವ್ಯಾಸಂಗದ ವಿವರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ದೃಢೀಕರಣವಾಗಿದೆಯೆ? ತಹಶೀಲ್ದಾರರ ಪತ್ರ ಸರಿಯಾದ ನಮೂನೆಯಲ್ಲಿದೆಯೆ? ಪಕ್ಕದವರು ಹೇಳಿದ್ದನ್ನು ನಂಬದೆ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನೋಡಬೇಕು. ಸಂವಿಧಾನದ 371(ಜೆ) ವಿಧಿಯ ಮೀಸಲು ಬಳ್ಳಾರಿ ಜಿಲ್ಲೆಗುಂಟು. ಅದರ ಅಂಚಿನಲ್ಲೇ ಇರುವ ನಮ್ಮ ಮೊಳಕಾಲ್ಮೂರಿಗಿಲ್ಲ. ನೆಂಟರಿಗೆ ಸಿಕ್ಕಿತೆಂದು ನಮಗೂ ಸಿಕ್ಕೀತೆಂದು ಕೂರುವಂತಿಲ್ಲ.

ಆ ಹುಡುಗಿಗೆ ಬೇಕಾಗಿದ್ದುದು ಕೃಷಿ ಪದವಿ. ಕೃಷಿ ಕೋರ್ಸುಗಳಲ್ಲಿ ಸೀಟುಗಳ ಒಂದು ಪಾಲು ಕೃಷಿಕರ ಮಕ್ಕಳಿಗೆ ಮೀಸಲು. ಅದಕ್ಕಾಗಿ ಒಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಬೆಳೆ, ಉಪಕರಣ ಮೊದಲಾದವನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಇದನ್ನು ತಿಳಿಸಿದಾಗ ಆ ರೈತರ ಮುಖದಲ್ಲಿ ಕಂಡ ಬೆಳಕನ್ನು ನಾನು ಮರೆಯಲಾರೆ. "ಹಂಗಾರೆ ಇದನ್ನ ನಾನೇ ಹೇಳಿಕೊಡಬಹುದಾ ಸಾ?" ಎಂದರು. ಅಂದಿನಿಂದ ಆ ಮನೆಯ ಹಜಾರದಲ್ಲಿ ಮೊರದ ತುಂಬ ಪಾಠ ನಡೆಯಿತು. ನವಣೆ ಯಾವುದು, ಸಾಮೆ ಯಾವುದು, ಹಾರಕ ಯಾವುದು. ಕುಂಟೆಗೂ ಎಡೆಕುಂಟೆಗೂ ಏನು ಭೇದ. ಕೂರಿಗೆಯಲ್ಲಿ ಕಾಳು ಇಳಿಯುವ ಬಗೆ ಹೇಗೆ. ಮಗಳು ಅವುಗಳ ಇಂಗ್ಲಿಷ್ ಹೆಸರನ್ನು ಅಪ್ಪನಿಗೆ ಹೇಳಿಕೊಡುತ್ತಿದ್ದಳು. ರಾತ್ರಿ ಹತ್ತಾಯಿತೆಂದರೆ ಆತ ಕೇಳುತ್ತಿದ್ದುದು ಒಂದೇ: "ಉಂಡೇನವ್ವ? ಸಾಕು, ಮನಿಕ್ಕ." ಎಷ್ಟು ಓದಿದೆ ಎಂದು ಕೇಳಿದವರಲ್ಲ. ಹುಡುಗಿಗೆ ಸೀಟು ಸಿಕ್ಕಿತು. ಸಿಗದೆ ಹೋಗಿದ್ದರೂ ಆ ಮನೆಯಲ್ಲಿ ಅವಳು ಉಣ್ಣದೆ ಮಲಗುತ್ತಿರಲಿಲ್ಲವೆಂದು ನನಗೆ ನಿಶ್ಚಯವಾಗಿ ತೋರುತ್ತದೆ.

ಪಟ್ಟಣದ ತಂದೆತಾಯಿಗಳಿಗೂ ಹೇಳಿಕೊಡಲು ಏನಾದರೊಂದು ಇದ್ದೇ ಇರುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ?" ಎಂಬ ಪ್ರಶ್ನೆಯಲ್ಲಿ ಆ "ಅಲ್ಲ" ಎಂಬುದನ್ನು ನೋಡದೆ ಅಂಕ ಕಳೆದುಕೊಳ್ಳುವ ಜಾಣರು ಬಹಳ. ಇದು ವಿಜ್ಞಾನದ ತಪ್ಪಲ್ಲ, ಓದುವುದರ ತಪ್ಪು. ದಿನಕ್ಕೆ ಹತ್ತು ಪ್ರಶ್ನೆಗಳನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ, "ಇಲ್ಲಿ ಕೇಳಿದ್ದೇನು?" ಎಂದಷ್ಟೇ ವಿಚಾರಿಸಿರಿ. ಉತ್ತರ ನಿಮಗೆ ಗೊತ್ತಿರಬೇಕಾದುದಿಲ್ಲ.

ಫಲಿತಾಂಶದ ತರುವಾಯ ಕಾಲೇಜುಗಳ ಆಯ್ಕೆಪಟ್ಟಿ ಕೊಡಬೇಕಾಗುತ್ತದೆ. ಇಲ್ಲಿ ಹಿರಿಯರು ಅತಿ ಜಾಣತನ ತೋರಿಸಿ ಕೆಡುತ್ತಾರೆ. ಸೀಟು ಹಂಚುವಾಗ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ನೋಡುತ್ತ ಬಂದು, ಮೊದಲು ಕಂಡ ಖಾಲಿ ಸೀಟನ್ನು ಕೊಡುತ್ತಾರೆ. ಆದ್ದರಿಂದ ಸಿಗಲಾರದೆಂದು ತೋರುವ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ತಪ್ಪಿಹೋಗುವುದಿಲ್ಲ; ಬೇಡವಾದುದನ್ನು ಮೇಲೆ ಬರೆದರೆ ಮಾತ್ರ ಬೇಡವಾದುದೇ ಕೊರಳಿಗೆ ಬೀಳುತ್ತದೆ. ನಿಜವಾಗಿ ಬೇಕಾದ ಕ್ರಮದಲ್ಲಿ ಬರೆಯಿರಿ. ಬೇಕಾದುದು ಯಾವುದೆಂದು ಮಗುವನ್ನು ಕೇಳಿ ಬರೆಯಿರಿ. ಫೀಜಿನ ಮಾತನ್ನೂ ಆಗಲೇ ಆಡಿಬಿಡಬೇಕು. "ಇಷ್ಟು ನಮ್ಮ ಕೈಲಾಗುತ್ತದೆ, ಇದಕ್ಕೆ ಮೇಲೆ ಆಗದು" ಎಂದು ಮೊದಲೇ ಹೇಳಿದರೆ ಮಕ್ಕಳು ಕೊರಗುವುದಿಲ್ಲ. ಆಗುತ್ತದೆಂದು ಹೇಳಿ ಸಾಲ ಮಾಡಿ, ಆಮೇಲೆ ಎತ್ತಿ ಆಡಿದರೆ ಕೊರಗುತ್ತಾರೆ.

ಪರೀಕ್ಷೆ ಮುಗಿದ ಸಂಜೆಯೇ ಉತ್ತರಗಳನ್ನು ತಾಳೆ ನೋಡಲು ಕೂರಿಸಬೇಡಿರಿ. 2024ರ ಸಿ.ಇ.ಟಿ.ಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು ಮಕ್ಕಳು ಕಣ್ಣೀರಿಟ್ಟರು. ಕೊನೆಗೆ ಅಂಥ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯಿತು. ಪ್ರಶ್ನೆಪತ್ರಿಕೆಯೂ ಮನುಷ್ಯರು ಮಾಡಿದ್ದೇ. ಅದರ ಕೈಗೆ ಮಗುವಿನ ಬೆಲೆ ಕಟ್ಟುವ ಅಧಿಕಾರವನ್ನು ಕೊಡಬಾರದು.

ಹಾಲ್ ಟಿಕೆಟ್ಟನ್ನು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಗುಡಿಗೆ ಒಯ್ದು ಪೂಜೆ ಮಾಡಿಸುವವರು ನಮ್ಮಲ್ಲಿದ್ದಾರೆ. ತಪ್ಪೇನಿಲ್ಲ. ಆದರೆ ಆ ಸ್ವಾಮಿಯ ಮಾತೆಂದು ನಮ್ಮ ಸೀಮೆಯವರೆಲ್ಲ ಹೇಳುವುದು "ಮಾಡಿದಷ್ಟು ನೀಡು ಭಿಕ್ಷೆ" ಎಂದೇ ಹೊರತು ಬೇಡಿದಷ್ಟು ಎಂದಲ್ಲ. ಓದುವ ಕೆಲಸ ಮಕ್ಕಳದು. ಅದನ್ನು ಅವರು ಮಾಡಿದಷ್ಟು ಪಡೆಯುತ್ತಾರೆ. ಕಾಗದ ಸರಿಮಾಡುವುದು, ಹೊತ್ತಿಗೆ ಉಣಿಸಿ ಮಲಗಿಸುವುದು, ಹಣದ ನಿಜ ಹೇಳುವುದು, ಇವು ನಮ್ಮ ಕೆಲಸ. ಇವೆಲ್ಲದರ ಮೇಲೆ ಇನ್ನೊಂದು ಉಂಟು: ಪರೀಕ್ಷಾ ಕೇಂದ್ರದ ಗೇಟಿನಿಂದ ಮಗು ಹೊರಗೆ ಬಂದಾಗ ಮೊದಲು ಯಾವ ಪ್ರಶ್ನೆ ಕೇಳುತ್ತೇವೆಂಬುದು. "ಹೇಗೆ ಬರೆದೆ?" ಎಂದು ಕೇಳುವವರು ದಾರಿಯುದ್ದಕ್ಕೂ ಸಿಗುತ್ತಾರೆ. "ಹಸಿವಾಗಿದೆಯೆ?" ಎಂದು ಕೇಳಲು ನಾವೇ ಆಗಬೇಕು.