ಮೆಚ್ಚಿದ ಸುದ್ದಿಗೇ ಮೊದಲ ಪರೀಕ್ಷೆ
(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸುಳ್ಳು ಸುದ್ದಿಯ ಬಗ್ಗೆ ನಮ್ಮ ಸಭೆಗಳಲ್ಲಿ ಮಾತನಾಡುವುದು ಸುಲಭ. ಅದರ ಪೆಟ್ಟು ತಿಂದವರು ನಾವು. 2020ರ ಮಾರ್ಚ್, ಏಪ್ರಿಲ್ ತಿಂಗಳುಗಳನ್ನು ನೆನಪಿಸಿಕೊಳ್ಳಿ. ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ಸೇರಿದ್ದವರಲ್ಲಿ ಕೊರೋನಾ ಕಾಣಿಸಿಕೊಂಡ ಬಳಿಕ ರೋಗಕ್ಕೆ ಒಂದು ಧರ್ಮದ ಹೆಸರನ್ನೇ ಅಂಟಿಸಲಾಯಿತು. ಎಲ್ಲಿಯವೋ ಹಳೆಯ ವೀಡಿಯೊಗಳನ್ನು ಹೊಸ ತಲೆಬರಹ ಕೊಟ್ಟು ಹಂಚಲಾಯಿತು. ಹಣ್ಣು, ತರಕಾರಿ ಮಾರುವ ಬಡ ವ್ಯಾಪಾರಿಗಳನ್ನು ಕೆಲವೆಡೆ ಬೀದಿಯೊಳಗೆ ಬಿಡಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂಬ ಅಭಿಪ್ರಾಯಪಟ್ಟಿತು. ತೀರ್ಪು ಬರುವ ಹೊತ್ತಿಗೆ ಸುಳ್ಳು ತನ್ನ ಕೆಲಸ ಮುಗಿಸಿಕೊಂಡಿತ್ತು.

ಇದನ್ನು ಹೇಳಿ ಚಪ್ಪಾಳೆ ಪಡೆದು ಕುಳಿತುಕೊಳ್ಳಬಹುದು. ಆದರೆ ನಾನು ಇನ್ನೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ನಮಗೆ ಹಿಡಿಸುವ ಸುಳ್ಳೊಂದು ನಮ್ಮ ಮೊಬೈಲಿಗೆ ಬಂದಾಗ ನಾವು ಏನು ಮಾಡುತ್ತೇವೆ?

ಈ ಬಗ್ಗೆ ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಗಳು ನಡೆದಿವೆ. ಅಮೆರಿಕದ ಎಂಐಟಿ ಸಂಸ್ಥೆಯ ಮೂವರು ಸಂಶೋಧಕರು 2006ರಿಂದ 2017ರವರೆಗೆ ಟ್ವಿಟ್ಟರಿನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿ ಸರಣಿಗಳನ್ನು ಪರಿಶೀಲಿಸಿ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸತ್ಯ ಸುದ್ದಿಗಿಂತ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ಶೇಕಡಾ 70ರಷ್ಟು ಹೆಚ್ಚು. 1,500 ಜನರನ್ನು ತಲುಪಲು ಸತ್ಯಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಬೇಕಾಯಿತು. ಎಲ್ಲಕ್ಕಿಂತ ವೇಗವಾಗಿ ಓಡಿದ್ದು ರಾಜಕೀಯದ ಸುಳ್ಳು. ಯಂತ್ರಗಳು ನಡೆಸುವ ಖಾತೆಗಳೇ ಇದಕ್ಕೆ ಕಾರಣವಿರಬಹುದೆಂದು ಅವುಗಳನ್ನು ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಸುಳ್ಳನ್ನು ಓಡಿಸಿದ್ದು ಮನುಷ್ಯರ ಬೆರಳುಗಳೇ.

ಮನುಷ್ಯರು ಹಾಗೇಕೆ ಮಾಡುತ್ತಾರೆ? ಪೆನ್ನಿಕುಕ್, ರ್‍ಯಾಂಡ್ ಮತ್ತು ಸಂಗಡಿಗರು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಉತ್ತರ ಕೊಡುತ್ತದೆ. ತಮ್ಮ ರಾಜಕೀಯ ನಿಲುವಿಗೆ ಒಪ್ಪುವ ಸುಳ್ಳು ತಲೆಬರಹಗಳನ್ನು ತೋರಿಸಿ, 'ಇದು ನಿಜವೇ?' ಎಂದು ಕೇಳಿದಾಗ ಹೌದೆಂದವರಿಗಿಂತ, 'ಇದನ್ನು ಹಂಚುವಿರಾ?' ಎಂದು ಕೇಳಿದಾಗ ಹೌದೆಂದವರು ಸುಮಾರು ಎರಡು ಪಟ್ಟು ಇದ್ದರು. ಅಂದರೆ ನಂಬದಿದ್ದರೂ ಹಂಚುವವರಿದ್ದಾರೆ. ಹಂಚುವ ಕ್ಷಣದಲ್ಲಿ ನಮ್ಮ ಮನಸ್ಸು 'ನಿಜವೇ?' ಎಂದು ಕೇಳುವುದಿಲ್ಲ, 'ನಮ್ಮವರಿಗೆ ಹಿಡಿಸುತ್ತದೆಯೇ?' ಎಂದು ಕೇಳುತ್ತದೆ. ಇದೇ ಪಕ್ಷಪಾತ. ಅದು ಯಾವುದೋ ಒಂದು ಪಕ್ಷಕ್ಕೋ ಧರ್ಮಕ್ಕೋ ಸೇರಿದ ಕಾಯಿಲೆಯಲ್ಲ.

ಇದರ ಬೆಲೆ ಎಷ್ಟೆಂಬುದನ್ನು ನಮ್ಮ ರಾಜ್ಯ ಕಂಡಿದೆ. 2012ರ ಆಗಸ್ಟ್‌ನಲ್ಲಿ, ರಮಝಾನ್ ಮುಗಿದೊಡನೆ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆಂಬ ವದಂತಿ ಎಸ್ಸೆಮ್ಮೆಸ್‌ಗಳ ಮೂಲಕ ಹಬ್ಬಿತು. ಸಾವಿರಾರು ಜನ ದುಡಿಯುವವರೂ ವಿದ್ಯಾರ್ಥಿಗಳೂ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿಯ ರೈಲು ಹತ್ತಿದರು. ಆಗ ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಹದಿನೈದು ದಿನ ಮಿತಿ ಹೇರಬೇಕಾಯಿತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಒಂದೇ ಕಾರಣಕ್ಕೆ ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ಗುಂಪಿನಲ್ಲಿ ಸಾರಲಾಯಿತು. ಗುಂಪು ಅವರ ಕಾರನ್ನು ಅಡ್ಡಗಟ್ಟಿತು. ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಅದನ್ನು ಫಾರ್ವರ್ಡ್ ಮಾಡಿದವರಲ್ಲಿ ಹಲವರು, ತಮ್ಮ ಊರಿನ ಮಕ್ಕಳನ್ನು ರಕ್ಷಿಸುತ್ತಿದ್ದೇವೆ ಎಂದೇ ಭಾವಿಸಿದ್ದಿರಬೇಕು.

ನಮ್ಮೊಳಗಿನ ಉದಾಹರಣೆಯೂ ಇದೆ. ಪೋಲಿಯೊ ಹನಿ ಸಂತಾನಹರಣಕ್ಕೆ ಮಾಡಿದ ಸಂಚು ಎಂಬ ಮಾತು ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳ ಮುಸ್ಲಿಂ ಮೊಹಲ್ಲಾಗಳಲ್ಲಿ ವರ್ಷಗಟ್ಟಲೆ ಓಡಾಡಿತು. ಸರ್ಕಾರದ ಮೇಲಿನ ಅಪನಂಬಿಕೆಗೆ ಅದು ಸರಿಯಾಗಿ ಹೊಂದಿಕೊಂಡಿತು. ಹಾಗಾಗಿ ಯಾರೂ ಸಾಕ್ಷಿ ಕೇಳಲಿಲ್ಲ. ಬೆಲೆ ತೆತ್ತದ್ದು ಕಾಲು ಕಳೆದುಕೊಂಡ ನಮ್ಮ ಮಕ್ಕಳು. ಮುಂದೆ ಉಲಮಾಗಳೂ ಮುಸ್ಲಿಂ ವಿದ್ಯಾಸಂಸ್ಥೆಗಳೂ ಮುಂದೆ ಬಂದು ಮನೆಮನೆಗೆ ತಿಳಿಹೇಳಿದಾಗ ಬಾಗಿಲುಗಳು ತೆರೆದವು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ದಾಖಲಾಯಿತು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಪಡೆಯಿತು.

ಹಾಗಾದರೆ ಪರಿಹಾರವೇನು? 'ಜನಜಾಗೃತಿ ಉಪನ್ಯಾಸ ಏರ್ಪಡಿಸೋಣ' ಎಂಬುದು ನಮ್ಮ ಸಂಘಸಂಸ್ಥೆಗಳ ಮೊದಲ ಉತ್ತರ. ಇಲ್ಲಿ ಸಂಶೋಧನೆ ನನ್ನಂತಹ ಭಾಷಣಕಾರರಿಗೆ ಸ್ವಲ್ಪ ಮುಜುಗರ ಉಂಟುಮಾಡುತ್ತದೆ. 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಸುಮಿತ್ರಾ ಬದ್ರಿನಾಥನ್ ಎಂಬ ಸಂಶೋಧಕಿ ಬಿಹಾರದಲ್ಲಿ 1,224 ಜನರ ಮೇಲೆ ಪ್ರಯೋಗ ನಡೆಸಿದರು. ಒಂದು ಗುಂಪಿನವರ ಮನೆಗೇ ಹೋಗಿ, ಸುಳ್ಳು ಸುದ್ದಿ ಗುರುತಿಸುವ ಉಪಾಯಗಳನ್ನು ಸುಮಾರು ಒಂದು ಗಂಟೆ ಕಲಿಸಲಾಯಿತು. ಒಟ್ಟಾರೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಇನ್ನೂ ಆಶ್ಚರ್ಯವೆಂದರೆ, ಬಿಜೆಪಿ ಬೆಂಬಲಿಗರಲ್ಲಿ ತಮ್ಮ ಪಕ್ಷಕ್ಕೆ ಅನುಕೂಲವಾದ ಸುಳ್ಳನ್ನು ಗುರುತಿಸುವ ಶಕ್ತಿ ಪಾಠದ ಬಳಿಕ ಕಡಿಮೆಯಾಯಿತು. ಇದನ್ನು ಕೇಳಿ ನಮ್ಮಲ್ಲಿ ಯಾರಿಗಾದರೂ ನಗು ಬಂದರೆ, ಆ ನಗುವೂ ಪಕ್ಷಪಾತದ್ದೇ ಎಂದು ತಿಳಿಯಿರಿ. ನಮ್ಮ ಗುರುತಿಗೆ ಪೆಟ್ಟು ಬೀಳುತ್ತದೆ ಎನಿಸಿದಾಗ ಪಾಠವನ್ನು ಹೊರಗಿಡುವುದು ಮನುಷ್ಯ ಸ್ವಭಾವ.

ಆದರೆ ಸಂಶೋಧನೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ಬಿಹಾರದ 583 ಹಳ್ಳಿಗಳಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ಇನ್ನೊಂದು ಪ್ರಯೋಗ, ರಾಜ್ಯ ಸರ್ಕಾರದ ಸಂಸ್ಥೆಯೊಂದರ ಸಹಯೋಗದಲ್ಲಿ ನಡೆಯಿತು. ಈ ಸಲ ಒಂದು ಗಂಟೆಯ ಭಾಷಣವಲ್ಲ. ಹಲವು ವಾರಗಳ ಅವಧಿಯಲ್ಲಿ, ತರಗತಿಯಲ್ಲಿ, ಶಿಕ್ಷಕರಿಂದ ಮತ್ತೆ ಮತ್ತೆ ಪಾಠ. ಮುಖ್ಯವಾಗಿ ಆರೋಗ್ಯದ ಕುರಿತ ಸುಳ್ಳುಗಳನ್ನು ಎತ್ತಿಕೊಂಡು, ನಿಜವನ್ನೂ ಸುಳ್ಳನ್ನೂ ಬೇರ್ಪಡಿಸುವುದನ್ನು ಅಭ್ಯಾಸ ಮಾಡಿಸಲಾಯಿತು. ಫಲ ಸಿಕ್ಕಿತು. ತಿಂಗಳುಗಳ ಬಳಿಕವೂ ಅದು ಉಳಿದಿತ್ತು. ಕಲಿಸದೇ ಇದ್ದ ರಾಜಕೀಯ ಸುಳ್ಳುಗಳನ್ನು ಗುರುತಿಸುವಲ್ಲಿಯೂ ಮಕ್ಕಳು ಮುಂದಾದರು. ಅವರ ತಂದೆತಾಯಿಯರಲ್ಲಿಯೂ ಬದಲಾವಣೆ ಕಂಡುಬಂತು. ಮಕ್ಕಳು ಶಾಲೆಯ ಪಾಠವನ್ನು ಮನೆಗೆ ಒಯ್ದಿದ್ದರು.

ಈ ಎರಡು ಪ್ರಯೋಗಗಳ ನಡುವಿನ ವ್ಯತ್ಯಾಸವೇ ಇಂದು ನಾನು ನಿಮಗೆ ಹೇಳಬೇಕಾದ ಮಾತು. ಪರಿಶೀಲನೆ ಎಂಬುದು ಮಾಹಿತಿಯಲ್ಲ, ಅದು ಅಭ್ಯಾಸ. ಅಭ್ಯಾಸ ಭಾಷಣದಿಂದ ಬರುವುದಿಲ್ಲ.

ಈ ಅಭ್ಯಾಸ ನಮಗೆ ಹೊಸದೇ? ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆರನೇ ಸೂಕ್ತ, ನಂಬಿಕೆಗೆ ಅರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸಬೇಕೆಂದೂ, ಇಲ್ಲದಿದ್ದರೆ ಅರಿಯದೆ ಜನರಿಗೆ ಹಾನಿ ಮಾಡಿ ಪರಿತಪಿಸಬೇಕಾಗುತ್ತದೆಂದೂ ವಿಶ್ವಾಸಿಗಳನ್ನು ಎಚ್ಚರಿಸುತ್ತದೆ. ಅನ್ನಿಸಾ ಅಧ್ಯಾಯದ 135ನೇ ಸೂಕ್ತ ಇನ್ನೂ ಮುಂದೆ ಹೋಗಿ, ಸ್ವಂತಕ್ಕೋ ಹೆತ್ತವರಿಗೋ ಬಂಧುಗಳಿಗೋ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆನ್ನುತ್ತದೆ. ಪಕ್ಷಪಾತಕ್ಕೆ ಇದಕ್ಕಿಂತ ನೇರವಾದ ಮದ್ದು ಯಾವುದಿದೆ?

ನಮ್ಮ ಪೂರ್ವಿಕ ವಿದ್ವಾಂಸರು ಇದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಹದೀಸ್ ಒಂದನ್ನು ಸ್ವೀಕರಿಸುವ ಮುನ್ನ, ಯಾರಿಂದ ಯಾರು ಕೇಳಿದರು ಎಂಬ ಸನದಿನ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ವರದಿಗಾರರ ಪ್ರಾಮಾಣಿಕತೆ, ನೆನಪಿನ ಶಕ್ತಿ, ಪ್ರಯಾಣ, ಭೇಟಿಗಳನ್ನು ದಾಖಲಿಸುವ ಇಲ್ಮುರ್ರಿಜಾಲ್ ಎಂಬ ಶಾಖೆಯೇ ಹುಟ್ಟಿತು. ಅವರು ತಿರಸ್ಕರಿಸಿದವುಗಳಲ್ಲಿ ಶತ್ರುಗಳು ಕಟ್ಟಿದ ಸುಳ್ಳುಗಳು ಮಾತ್ರ ಇರಲಿಲ್ಲ. ಜನರನ್ನು ಕುರ್‌ಆನ್ ಪಾರಾಯಣದತ್ತ ಸೆಳೆಯಬೇಕೆಂಬ ಸದುದ್ದೇಶದಿಂದ ಭಕ್ತರೇ ಕಟ್ಟಿದ ಮಾತುಗಳನ್ನೂ ಅವರು ಬದಿಗಿಟ್ಟರು. ಉದ್ದೇಶ ಒಳ್ಳೆಯದಾದರೂ ಸುಳ್ಳು ಸುಳ್ಳೇ ಎಂದರು. ಇಂತಹ ಪರಂಪರೆಯ ವಾರಸುದಾರರು ಊರು ಹೆಸರಿಲ್ಲದ ಸಂದೇಶವನ್ನು ಕಣ್ಣುಮುಚ್ಚಿ ಐವತ್ತು ಮಂದಿಗೆ ಕಳುಹಿಸುವುದು ಶೋಭೆಯೇ?

ಆದ್ದರಿಂದ ಸಂಸ್ಥೆಯ ಆಡಳಿತ ಮಂಡಳಿಗೆ ನನ್ನದೊಂದು ವಿನಂತಿ. ಮುಂದಿನ ವರ್ಷ ಈ ವಿಷಯದ ಮೇಲೆ ಇನ್ನೊಬ್ಬ ಭಾಷಣಕಾರರನ್ನು ಕರೆಯಬೇಡಿ. ಬದಲಿಗೆ ನಮ್ಮ ಶಾಲೆಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ ಎಂಟನೇ ತರಗತಿಯಿಂದ ಮೇಲಿನವರಿಗೆ ವಾರಕ್ಕೊಂದು ಪಿರಿಯಡ್ ಮೀಸಲಿಡಿ. ಆ ವಾರ ಮನೆಯ ಮೊಬೈಲಿಗೆ ಬಂದ ಎರಡು ಸಂದೇಶಗಳನ್ನು ಮಕ್ಕಳು ತರಲಿ: ಒಂದು ಸಿಟ್ಟು ಬರಿಸಿದ್ದು, ಇನ್ನೊಂದು ಖುಷಿ ಕೊಟ್ಟದ್ದು. ಬರೆದವರು ಯಾರು, ಚಿತ್ರ ಎಲ್ಲಿಯದು, ಯಾವ ವರ್ಷದ್ದು, ವಿಶ್ವಾಸಾರ್ಹ ಪತ್ರಿಕೆಗಳಲ್ಲಿ ಬಂದಿದೆಯೇ ಎಂದು ಶಿಕ್ಷಕರೊಂದಿಗೆ ಹುಡುಕಲಿ. ಖುಷಿ ಕೊಟ್ಟದ್ದನ್ನೇ ಮೊದಲು ಎತ್ತಿಕೊಳ್ಳಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು. 2016ರ ಅಮೆರಿಕದ ಚುನಾವಣೆಯ ಅಧ್ಯಯನವೊಂದರಲ್ಲಿ, 65 ದಾಟಿದವರು ಎಳೆಯ ವಯಸ್ಸಿನ ಗುಂಪಿನವರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳು ಸುದ್ದಿಗಳನ್ನು ಫೇಸ್‌ಬುಕ್‌ನಲ್ಲಿ ಹಂಚಿದ್ದು ಕಂಡುಬಂತು. ಇದನ್ನು ಹಿರಿಯರ ಬಾಯಿ ಮುಚ್ಚಿಸಲು ಬಳಸಬೇಡಿ. ಎಲ್ಲರೆದುರು ಗುಂಪಿನಲ್ಲಿ ತಿದ್ದಿದರೆ ಅವರು ಹಟ ಹಿಡಿಯುತ್ತಾರೆ, ನೀವೂ ಅದಬ್ ಕಳೆದುಕೊಳ್ಳುತ್ತೀರಿ. ಪಕ್ಕದಲ್ಲಿ ಕುಳಿತು, 'ಚಾಚಾ, ಇದು ಎಲ್ಲಿಂದ ಬಂತು, ಒಟ್ಟಿಗೆ ನೋಡೋಣವೇ?' ಎಂದು ಕೇಳಿ. ಹಿರಿಯರೂ ಮಗು ಕೇಳಿದ ಆ ಪ್ರಶ್ನೆಯನ್ನು ಅಗೌರವವೆಂದು ತಿಳಿಯದಿರಲಿ.

ನಮ್ಮ ಮೇಲೆ ಹೊರಿಸಿದ ಸುಳ್ಳಿಗೆ ಸಾಕ್ಷಿ ಕೇಳುವ ಹಕ್ಕು ನಮಗಿದೆ. ನಾವು ಹಂಚುವ ಪ್ರತಿ ಮಾತಿಗೂ ಸಾಕ್ಷಿ ಇಟ್ಟುಕೊಂಡವರಾದರೆ ಆ ಹಕ್ಕಿಗೆ ಬಲ ಬರುತ್ತದೆ. ಸತ್ಯವನ್ನು ಸತ್ಯವೆಂದು ಕಾಣುವ, ನಮಗೆ ಕಹಿಯಾದರೂ ಅದನ್ನು ಒಪ್ಪಿಕೊಳ್ಳುವ ಸ್ಥೈರ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್. ವಸ್ಸಲಾಂ.