ಹಿರಿಯ ಮಕ್ಕಳೇ ಕಾಲುವೆ

 

ನಮ್ಮ ಮಾರಿಕಣಿವೆಯು 1933ರಲ್ಲಿ ಕೋಡಿಬಿದ್ದ ಬಳಿಕ ಪುನಃ ಕೋಡಿಬಿದ್ದುದು 2022ರಲ್ಲಿ. ಆದರೆ ಕಟ್ಟೆ ತುಂಬಿದರೂ ಕಾಲುವೆಯಿಲ್ಲದ ಹೊಲಕ್ಕೆ ನೀರು ಹರಿಯದು. ವಿದ್ಯೆಯೂ ಅಂತೆಯೇ. ಶಾಲೆಯನ್ನು ನಡುವೆ ಬಿಟ್ಟು ಕೂಲಿಗೆ ಹೋಗುವ ಬಾಲಕನಿಗೂ, ಎಳವೆಯಲ್ಲಿಯೇ ಮದುವೆಯ ಭಯಕ್ಕೆ ಸಿಲುಕಿದ ಬಾಲಕಿಗೂ ಹಿರಿಯರ ಉಪದೇಶವು ಬಹುಮಟ್ಟಿಗೆ ತಲಪದು. ಓರಗೆಯವರ ಮಾತು ತಲಪುತ್ತದೆ.

ಕೇಂದ್ರ ಸರಕಾರವು 2010ರಲ್ಲಿ ಆಯ್ದ ಜಿಲ್ಲೆಗಳಲ್ಲಿ ಆರಂಭಿಸಿದ ‘ಸಬಲಾ’ ಯೋಜನೆಯಲ್ಲಿ, 15ರಿಂದ 25 ಕಿಶೋರಿಯರ ಗುಂಪಿಗೆ ಅವರಲ್ಲಿಯೇ ಒಬ್ಬಳು ‘ಸಖಿ’ಯೂ ಇಬ್ಬರು ‘ಸಹೇಲಿ’ಯರೂ ಮುಂದಾಳುಗಳಾದರು. ಆರೋಗ್ಯ, ಬ್ಯಾಂಕು, ಅಂಚೆಗಳ ವ್ಯವಹಾರ ಅಲ್ಲಿಯ ಪಾಠ. 16 ತುಂಬಿದವರಿಗೆ ಕಸುಬಿನ ಶಿಕ್ಷಣ. ಆ ಯೋಜನೆಯು ಈಗ ಆ ರೂಪದಲ್ಲಿಲ್ಲ. ಅದರ ತತ್ತ್ವವು ಉಳಿದಿದೆ.

ಮಠದ ಅಂಗಳದಲ್ಲಿ ವಾರಕ್ಕೊಂದು ಸಂಜೆಯನ್ನು ಇಂತಹ ಮಕ್ಕಳಿಗೆ ಬಿಟ್ಟುಕೊಡೋಣ. ಹನಿನೀರಾವರಿಯ ಕೊಳವೆ ಜೋಡಿಸಬಲ್ಲವನು ಅದನ್ನು ಕಲಿಸಲಿ. ಲೆಕ್ಕ ಬರೆಯಬಲ್ಲವಳು ಲೆಕ್ಕವನ್ನು ಕಲಿಸಲಿ. ಆದರೆ ಮುಂದಾಳಾದ ಮಗುವಿಗೂ ತರಬೇತು ಬೇಕು, ಬೆನ್ನಿಗೆ ಹಿರಿಯರು ಬೇಕು. ಎಳೆಯ ಹೆಗಲಿಗೆ ಹೊರೆಯನ್ನೇರಿಸಿ ನಾವು ಜಾರಿಕೊಳ್ಳುವುದು ಧರ್ಮವಲ್ಲ. ಕಾಯಕವೆಂಬುದು ಅವರಿಗೆ ಬರಿಯ ಮಾತಿನಿಂದಲ್ಲ, ಕೈಯಿಂದ ತಿಳಿಯಲಿ.